ಮಾವನ ಅಂಗಡಿಯ ಕೆಲಸ ಬಿಡುವುದು ಹೇಗೆ?

ಪ್ರಶ್ನೆ: ಶಿರಸಿಯ ಒಂದು ಅಡಿಕೆ ದಲಾಲಿ ಅಂಗಡಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಬರುವ ಜೂನ್ 14ಕ್ಕೆ ಐದು ವರ್ಷ ಆಗುತ್ತದೆ. ಗೋದಾಮು, ಅಡಿಕೆ ಆರಿಸುವವರು ಎಲ್ಲ ಸೇರಿ ಇಪ್ಪತ್ತೆರಡು ಜನ ಇದ್ದೇವೆ, ಲೆಕ್ಕಕ್ಕೆ ನಾನೊಬ್ಬಳೇ. ಯಜಮಾನರು ದೂರದ ಸಂಬಂಧದಲ್ಲಿ ಮಾವ ಆಗಬೇಕು. ಅಪ್ಪ ಹುಷಾರಿಲ್ಲದೆ ಮಲಗಿದ್ದಾಗ ಕರೆದು ಕೆಲಸ ಕೊಟ್ಟವರು. ಅಮ್ಮನ ಆಪರೇಷನ್ನಿಗೆ 40,000 ರೂಪಾಯಿ ಮುಂಗಡ ಕೊಟ್ಟರು, ಅದರಲ್ಲಿ 22,000 ಇನ್ನೂ ಬಾಕಿ ಇದೆ. ಈಗ ಹುಬ್ಬಳ್ಳಿಯ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಇಲ್ಲಿ 24,000, ಅಲ್ಲಿ 34,000. ಮೇ 2ಕ್ಕೆ ಬಂದು ಸೇರಿ ಎಂದಿದ್ದಾರೆ. ಮಾವನಿಗೆ ಹೇಗೆ ಹೇಳುವುದು ಗೊತ್ತಾಗುತ್ತಿಲ್ಲ. ಅವರ ಮಗ ಎಲ್ಲರೆದುರು ಕೂಗಾಡುತ್ತಾನೆ, ಹೊರಡಲು ಅದೂ ಒಂದು ಕಾರಣ, ಅದನ್ನೂ ಹೇಳಬೇಕಾ? ಗೆಳತಿಯರು ವಾಟ್ಸಾಪ್ ಹಾಕಿ ಹೊರಟುಬಿಡು ಅಂತಾರೆ. ಇನ್ನೊಂದು, ಕೊನೆಯ ದಿನ ಸಿಹಿ ಹಂಚಬೇಕಾ?

ಉತ್ತರ: ಮೊದಲು ವಾಟ್ಸಾಪಿನ ಮಾತು ಮುಗಿಸೋಣ. ಬೇಡ. ಬೆಂಗಳೂರಿನ ಐನೂರು ಜನರ ಆಫೀಸಿನಲ್ಲಿ ಮೇಲ್ ಹಾಕಿ ಎದ್ದು ಹೋದರೂ ನಡೆಯುತ್ತದೆ, ಆ ಮ್ಯಾನೇಜರ್ ಮುಖ ಮತ್ತೆ ನೋಡುವ ಪ್ರಮೇಯವೇ ಬರಲಿಕ್ಕಿಲ್ಲ. ನಿಮಗೆ ಹಾಗಲ್ಲ. ಮುಂದಿನ ಮದುವೆಮನೆಯಲ್ಲಿ ಪಂಕ್ತಿಗೆ ಕೂತಾಗ ಎದುರಿನ ಸಾಲಿನಲ್ಲಿ ಮಾವನೇ ಇರುತ್ತಾರೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಅವರ ಮನೆಯವರೆಲ್ಲ ಸಿಗುತ್ತಾರೆ. ನೀವು ಬಿಡುತ್ತಿರುವುದು ಕುರ್ಚಿಯನ್ನು ಮಾತ್ರ, ಊರನ್ನಲ್ಲ ಅಲ್ವಾ?

ಕಾರವಾರ, ಗೋವಾ ಕಡೆಯ ಕಾರ್ಖಾನೆಗಳ ಸಿಬ್ಬಂದಿ ವಿಭಾಗದಲ್ಲಿ ನಾನು ಇಪ್ಪತ್ತೇಳು ವರ್ಷ ಕೂತಿದ್ದೇನೆ. ನೂರಾರು ರಾಜೀನಾಮೆ ನೋಡಿದ್ದೇನೆ, ನನ್ನದೂ ಮೂರು ಸೇರಿಸಿ. ಹೋದವರ ಬಗ್ಗೆ ಯಜಮಾನರು ವರ್ಷಗಳ ಮೇಲೆ ಏನು ನೆನೆಸಿಕೊಳ್ಳುತ್ತಾರೆ ಅಂತ ಗಮನಿಸಿದರೆ ಒಂದು ತಮಾಷೆ ಕಾಣುತ್ತದೆ. ಪತ್ರದಲ್ಲಿ ಏನು ಬರೆದಿದ್ದರು, ಹೋಗುವಾಗ ಏನು ಭಾಷಣ ಮಾಡಿದರು, ಒಂದೂ ನೆನಪಿರುವುದಿಲ್ಲ. "ಅವಳು ಹೋದ ಮೇಲೆ ಒಂದು ದಿನವೂ ಅಡಚಣೆ ಆಗ್ಲಿಲ್ಲ" ಅನ್ನುವುದು ನೆನಪಿರುತ್ತದೆ. ಇಲ್ಲಾ "ಅವನು ಹೋದ ಮೇಲೆ ಮೂರು ತಿಂಗಳು ನಾಯಿಪಾಡು" ಅನ್ನುವುದು. ಹಾಗಾಗಿ ಹೇಗೆ ಹೇಳುವುದು ಎನ್ನುವ ಚಿಂತೆಗಿಂತ ಏನು ಬಿಟ್ಟು ಹೋಗುವುದು ಎನ್ನುವುದಕ್ಕೆ ಜಾಸ್ತಿ ತಲೆ ಕೊಡಿ ಅಂತ ನನ್ನ ಅಭಿಪ್ರಾಯ. ಅದಕ್ಕೆ ಆಮೇಲೆ ಬರುತ್ತೇನೆ.

ಅದಕ್ಕೂ ಮೊದಲು, ನಿಮ್ಮ ಪತ್ರದಲ್ಲೇ ಒಂದು ಸಂಗತಿ ಇದೆ. ನೀವು ಅದನ್ನು ಬರೆದಿದ್ದೀರಿ, ಆದರೆ ನೋಡಿಲ್ಲ. ಜೂನ್ 14ಕ್ಕೆ ಐದು ವರ್ಷ! ಮೇ 2ಕ್ಕೆ ಹುಬ್ಬಳ್ಳಿಗೆ ಹೋದರೆ ಆರು ವಾರ ಕಡಿಮೆ ಬೀಳುತ್ತದೆ.

ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಐದು ವರ್ಷ ಸತತ ದುಡಿದವರಿಗೆ ಕೆಲಸ ಬಿಡುವಾಗ ಗ್ರಾಚ್ಯುಟಿ, ಅಂದರೆ ಸೇವೆಗೆ ಪ್ರತಿಯಾಗಿ ಒಂದು ಇಡಿಗಂಟು, ಕೊಡಬೇಕು. 1972ರ ಕಾಯ್ದೆಯಿಂದ ಬಂದ ನಿಯಮ ಅದು, ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ನಿಮ್ಮಂಥ ಕಾಯಂ ನೌಕರರಿಗೆ ಐದು ವರ್ಷದ ಲೆಕ್ಕ ಹಾಗೇ ಇದೆ. ಕೊನೆಯ ತಿಂಗಳ ಬೇಸಿಕ್ (ಮೂಲ ಸಂಬಳ) ಮತ್ತು ಡಿಎ (ತುಟ್ಟಿಭತ್ಯೆ) ಕೂಡಿಸಿ, 15ರಿಂದ ಗುಣಿಸಿ, 26ರಿಂದ ಭಾಗಿಸಿ, ಎಷ್ಟು ವರ್ಷವೋ ಅಷ್ಟರಿಂದ ಗುಣಿಸಿ. ನಿಮ್ಮ 24,000ದಲ್ಲಿ ಬೇಸಿಕ್ ಮತ್ತು ಡಿಎ 18,000 ಅಂತ ಇಟ್ಟುಕೊಂಡರೆ ಸುಮಾರು 51,900 ರೂಪಾಯಿ. ನಿಮ್ಮ ಮುಂಗಡದ ಬಾಕಿ ತೀರಿ ಮೇಲೆ ಇಪ್ಪತ್ತೊಂಬತ್ತು, ಮೂವತ್ತು ಸಾವಿರ ಉಳಿಯುವಷ್ಟು.

ನಾಲ್ಕು ವರ್ಷ ಮುಗಿದು ಐದನೆಯ ವರ್ಷದಲ್ಲಿ 240 ದಿನ ಆದರೆ ಸಾಕು ಎಂದು ಮದ್ರಾಸ್ ಹೈಕೋರ್ಟು ಹೇಳಿದ್ದುಂಟು. ಆ ಲೆಕ್ಕದಲ್ಲಿ ನಿಮಗೆ ಈಗಲೇ ಬರಬೇಕು. ಆದರೆ ಅದನ್ನು ಎಲ್ಲರೂ ಒಪ್ಪುವುದಿಲ್ಲ. ಮಾವನ ಎದುರು ಹೈಕೋರ್ಟು ತೀರ್ಪು ಹಿಡಿದು ನಿಲ್ಲುವ ಪರಿಸ್ಥಿತಿಯೇ ಬೇಡ. ಅದಕ್ಕಿಂತ ಹುಬ್ಬಳ್ಳಿಗೆ ಒಂದು ಫೋನ್ ಮಾಡುವುದು ಸುಲಭ. "ನಾನಿರುವ ಕಡೆ ಲೆಕ್ಕ ನೋಡುವವಳು ನಾನೊಬ್ಬಳೇ. ಸರಿಯಾಗಿ ವಹಿಸಿಕೊಟ್ಟು ಬರಬೇಕು. ಜೂನ್ 22ಕ್ಕೆ ಸೇರಲಾ?" ಇಷ್ಟೇ ಕೇಳಿ. ಗ್ರಾಚ್ಯುಟಿ ವಿಷಯ ಹೇಳಬೇಕಿಲ್ಲ, ಹೇಳಿದರೂ ತಪ್ಪಿಲ್ಲ. ಕೆಲಸಕ್ಕೆ ಜನ ಹುಡುಕುವವರ ಕುರ್ಚಿಯಲ್ಲಿ ಕೂತು ಹೇಳುತ್ತಿದ್ದೇನೆ, ಹೀಗೆ ಕೇಳಿದವರ ಮೇಲೆ ನಮಗೆ ಗೌರವ ಜಾಸ್ತಿಯೇ ಆಗುತ್ತದೆ. ಹಳೆಯ ಕಡೆ ರಾತ್ರೋರಾತ್ರಿ ಬಿಟ್ಟು ಬಂದವರು ನಮ್ಮನ್ನೂ ಹಾಗೇ ಬಿಡುತ್ತಾರೆ ಅಂತ ಅನುಮಾನ ಇದ್ದೇ ಇರುತ್ತದೆ.

ಏಳು ವಾರ ತಡವಾದರೆ ಅಲ್ಲಿಯ ಹೆಚ್ಚಿನ ಸಂಬಳದಲ್ಲಿ ಸುಮಾರು 17,000 ಕೈಬಿಡುತ್ತದೆ. ಆದರೂ ನಿಮಗೆ ಲಾಭವೇ. ಅವರು ಒಪ್ಪದಿದ್ದರೆ? ಆಗ ಗ್ರಾಚ್ಯುಟಿಗೋಸ್ಕರ ಕೆಲಸ ಕಳೆದುಕೊಳ್ಳಬೇಡಿ. ತಿಂಗಳಿಗೆ ಹತ್ತು ಸಾವಿರ ಹೆಚ್ಚು ಅಂದರೆ ಐದೂವರೆ ತಿಂಗಳಲ್ಲಿ ಆ ದುಡ್ಡು ಬಂದೇ ಬರುತ್ತದೆ.

ಅದೇ ಫೋನಿನಲ್ಲಿ ಇನ್ನೊಂದು ಮಾತು. ಆಫರ್ ಲೆಟರ್ ಕೈಗೆ ಬಂದಿದೆಯಾ? ಬಾಯಿಮಾತಿನ ಮೇಲೆ ರಾಜೀನಾಮೆ ಕೊಟ್ಟು ಎರಡೂ ಕಡೆ ಇಲ್ಲದಂತಾದವರನ್ನು ನೋಡಿದ್ದೇನೆ. ಮತ್ತೆ, ನಾನು ಹೇಳುವ ತನಕ ನಮ್ಮ ಯಜಮಾನರಿಗೆ ವಿಚಾರಣೆಯ ಫೋನ್ ಮಾಡಬೇಡಿ ಅಂತ ಕೇಳಿಕೊಳ್ಳಿ. ಹೊಸ ಕಂಪನಿಯವರು ಹಳೆಯ ಯಜಮಾನರಿಗೆ ಫೋನ್ ಮಾಡಿ "ನಿಮ್ಮಲ್ಲಿ ಇಂಥವರು ಹೇಗೆ?" ಅಂತ ಕೇಳುವುದು ಈಗ ಮಾಮೂಲು. ನೀವು ಹೇಳುವ ಮೊದಲೇ ಆ ಫೋನ್ ಬಂದರೆ ಐದು ವರ್ಷದ ವಿಶ್ವಾಸ ಐದು ನಿಮಿಷದಲ್ಲಿ ಹೋಗುತ್ತದೆ.

ಇದು ನನಗೆ ಬೇರೆ ರೀತಿಯಲ್ಲಿ ಆಗಿದೆ. ನನ್ನ ಮೊದಲ ಕೆಲಸ ಕಾರವಾರದ ಒಂದು ಸಣ್ಣ ಆಫೀಸಿನಲ್ಲಿ. ಬಿಡುವುದು ನಿಶ್ಚಯವಾದ ದಿನ ಬೆಳಿಗ್ಗೆ ಚಹಾದಂಗಡಿಯಲ್ಲಿ ಪಕ್ಕದ ಟೇಬಲ್ಲಿನವನಿಗೆ ಹೇಳಿದೆ. ಯಾರಿಗೂ ಹೇಳಬೇಡ ಮಾರಾಯಾ ಅಂತಲೂ ಸೇರಿಸಿದೆ. ಊಟದ ಹೊತ್ತಿಗೆ ಸಾಹೇಬರಿಗೆ ಗೊತ್ತಾಗಿತ್ತು. ಅವರು ಬೈಯಲಿಲ್ಲ. "ನಿನ್ನ ಬಾಯಿಂದ ಕೇಳಬೇಕಿತ್ತು" ಅಂದರು, ಅಷ್ಟೇ. ಇಷ್ಟು ಸಾಲದು ಅಂತ ಕೊನೆಯ ದಿನ ಕಪಾಟಿನ ಬೀಗದಕೈ ಗೊಂಚಲು ಚೀಲದಲ್ಲೇ ಅಂಕೋಲೆಗೆ ಬಂತು. ನನಗೆ ಅದು ಸಿಕ್ಕಿದ್ದು ಹನ್ನೊಂದು ದಿನದ ಮೇಲೆ, ಚೀಲ ತೊಳೆಯಲು ಹಾಕುವಾಗ. ಆಗ ಮೊಬೈಲ್ ಇರಲಿಲ್ಲ, ನಮ್ಮ ಮನೆಯಲ್ಲಿ ಫೋನೂ ಇರಲಿಲ್ಲ. ಅನುಭವ ಪತ್ರ ತರಲು ಹೋದಾಗ ನೋಡಿದರೆ ಕಪಾಟಿನ ಬಾಗಿಲನ್ನು ಸುತಳಿಯಿಂದ ಕಟ್ಟಿ ಇಟ್ಟಿದ್ದರು, ಬೀಗ ಒಡೆದು ತೆಗೆದಿದ್ದರು. ಪತ್ರ ಕೊಟ್ಟರು. ಕೂತುಕೋ ಅನ್ನಲಿಲ್ಲ. ಎರಡು ವರ್ಷ ಬಜಾರಿನಲ್ಲಿ ಎದುರು ಸಿಕ್ಕರೆ ನಾನೇ ರಸ್ತೆ ದಾಟಿ ಆಚೆ ಹೋಗುತ್ತಿದ್ದೆ.

ಹಾಗಾಗಿ ಮೊದಲು ಮಾವನಿಗೆ. ಮಗನಿಗಲ್ಲ, ಅತ್ತೆಗಲ್ಲ, ಗೋದಾಮಿನ ಹುಡುಗರಿಗಲ್ಲ. ಮನೆಯಲ್ಲಿ ಅಮ್ಮನಿಗೂ ಹೇಳಿಡಿ, ನಾನು ಹೇಳುವ ತನಕ ಬಾಯಿ ಬಿಡಬೇಡ ಅಂತ. ನಮ್ಮ ಕಡೆ ಸುದ್ದಿ ಹೊರಬೀಳುವುದು ಹೆಚ್ಚಾಗಿ ಅಮ್ಮಂದಿರ ಖುಷಿಯಿಂದ.

ಯಾವಾಗ ಹೇಳುವುದು? ಈಗ ಮಾರ್ಚ್ ಕೊನೆ. ಸೊಸೈಟಿ ಸಾಲ ಕಟ್ಟಲು ಬೆಳೆಗಾರರೆಲ್ಲ ಅಡಿಕೆ ತಂದು ಸುರಿಯುವ ಹೊತ್ತು, ನಿಮ್ಮ ವರ್ಷದ ಲೆಕ್ಕ ಮುಗಿಸುವ ಹೊತ್ತು. ಈಗ ಹೇಳಿದರೆ ಮಾವನಿಗೆ ತಲೆ ಕೆಡುತ್ತದೆ, ನಿಮಗೂ ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ. ಹುಬ್ಬಳ್ಳಿಯವರು ಜೂನಿಗೆ ಒಪ್ಪಿದರೆ ಮೇ ಮೊದಲ ವಾರ ಹೇಳಿ. ನೋಟಿಸ್ ಎಷ್ಟು ಅಂತ ನೀವು ಬರೆದಿಲ್ಲ, ನೇಮಕ ಪತ್ರದಲ್ಲಿ ನೋಡಿ. ಒಂದು ತಿಂಗಳು ಅಂತ ಇದ್ದರೂ ಆರು ವಾರ ಕೊಡಿ, ಲೆಕ್ಕಕ್ಕೆ ಒಬ್ಬರೇ ಇರುವ ಅಂಗಡಿಯಲ್ಲಿ ಒಂದು ತಿಂಗಳು ಸಾಲುವುದಿಲ್ಲ. ಮೂರು ತಿಂಗಳು ಮೊದಲೇ ಹೇಳುವುದೂ ಬೇಡ. ಹೋಗುವವಳು ಅಂತ ಗೊತ್ತಾದ ಮೇಲೆ ಜಾಸ್ತಿ ದಿನ ಅಲ್ಲೇ ಕೂತರೆ ಇಬ್ಬರಿಗೂ ಕಿರಿಕಿರಿ. ಇನ್ನು ಮೇ 2ಕ್ಕೇ ಬರಬೇಕು ಅಂತ ಅವರು ಹಟ ಹಿಡಿದರೆ ಏಪ್ರಿಲ್ 1ಕ್ಕೇ ಹೇಳಬೇಕು, ದಾರಿ ಇಲ್ಲ.

ವ್ಯಾಪಾರಿಗಳು ದರ ಬರೆದು ಹಾಕುವ ಟೆಂಡರ್ ಮುಗಿದು, ಬೆಳೆಗಾರರ ಮಾರಾಟದ ಪಟ್ಟಿ ಎಲ್ಲ ಬರೆದು, ಅಂಗಡಿ ಖಾಲಿಯಾದ ಸಂಜೆ ನೋಡಿ ಹೋಗಿ. ದರ ಬಿದ್ದ ದಿನ ಬೇಡ. ಪೀಠಿಕೆ ಹಾಕಬೇಡಿ. ಮನೆಯ ಕಷ್ಟ, ಅಮ್ಮನ ಆರೋಗ್ಯ, ಅದು ಇದು ಅಂತ ಸುತ್ತಿ ಬಳಸಿ ಬಂದರೆ ಅವರು ಇನ್ನೊಂದು ಮುಂಗಡ ಕೇಳಲು ಬಂದಳು ಅಂದುಕೊಳ್ಳುತ್ತಾರೆ.

"ಮಾವ, ಒಂದು ವಿಷಯ ಹೇಳೋದಿತ್ತು. ಹುಬ್ಬಳ್ಳಿಯಲ್ಲಿ ಒಂದು ಕೆಲಸ ಸಿಕ್ಕಿದೆ. ಜೂನ್ 20ರ ತನಕ ಇಲ್ಲೇ ಇರ್ತೇನೆ. ಅಷ್ಟರೊಳಗೆ ಎಲ್ಲ ಲೆಕ್ಕ ಹೊಸಬರಿಗೆ ಹೇಳಿಕೊಟ್ಟು ಹೋಗ್ತೇನೆ. ಅಪ್ಪ ಮಲಗಿದ್ದಾಗ ನೀವು ಕರೆದು ಕೆಲಸ ಕೊಟ್ಟದ್ದು ಮರೆಯೋದಿಲ್ಲ. ಮೊದಲು ನಿಮಗೇ ಹೇಳ್ತಾ ಇದ್ದೇನೆ, ಇನ್ನೂ ಯಾರಿಗೂ ಗೊತ್ತಿಲ್ಲ."

ಇಷ್ಟು ಹೇಳಿ ಸುಮ್ನಿರಿ. ಸುಮ್ಮನಿರುವುದೇ ಕಷ್ಟ, ಗೊತ್ತು. ಅವರು ಎರಡು ನಿಮಿಷ ಮಾತಾಡದೆ ಕವಳದ (ಎಲೆಅಡಿಕೆಯ) ತಟ್ಟೆ ಹತ್ತಿರ ಎಳೆದುಕೊಳ್ಳಬಹುದು. ಆ ಮೌನಕ್ಕೆ ಹೆದರಿ "ಬೇಕಾದ್ರೆ ಇನ್ನೂ ಎರಡು ತಿಂಗಳು ಇರ್ತೇನೆ" ಅಂತ ಬಾಯಿಬಿಟ್ಟವರು ಎಷ್ಟೋ ಜನ.

ಆಮೇಲೆ ಮೂರರಲ್ಲಿ ಒಂದು ಆಗುತ್ತದೆ. ಒಳ್ಳೆಯದಾಗಲಿ ಅಂತಾರೆ, ಅಲ್ಲಿಗೆ ಮುಗಿಯಿತು. ಇಲ್ಲಾ ಸಂಬಳ ಜಾಸ್ತಿ ಮಾಡ್ತೇನೆ, ಇರು ಅಂತಾರೆ. ಇದಕ್ಕೆ ಉತ್ತರವನ್ನು ಒಳಗೆ ಹೋಗುವ ಮೊದಲೇ ನಿಶ್ಚಯ ಮಾಡಿಕೊಂಡಿರಬೇಕು. ದುಡ್ಡೊಂದೇ ನಿಮ್ಮ ತೊಂದರೆ ಆಗಿದ್ದರೆ ಬೇರೆ ಕೆಲಸ ಹುಡುಕುವ ಮೊದಲೇ ಕೇಳಬೇಕಿತ್ತು. ಈಗ ನಾಲ್ಕೈದು ಸಾವಿರಕ್ಕೆ ನಿಂತರೆ ಮಗನ ಕೂಗಾಟ ಹಾಗೇ ಇರುತ್ತದೆ, ಮೇಲಿಂದ "ಇವಳು ಹೋಗುವವಳು" ಅನ್ನುವ ಗುರುತು ಬೇರೆ ಅಂಟಿಕೊಳ್ಳುತ್ತದೆ. ಹುಬ್ಬಳ್ಳಿಯವರ ಎದುರೂ ಮಾತು ತಪ್ಪಿದಂತಾಗುತ್ತದೆ. "ನೀವು ಹಾಗೆ ಹೇಳಿದ್ದೇ ದೊಡ್ಡದು ಮಾವ, ಆದರೆ ಅಲ್ಲಿ ಮಾತು ಕೊಟ್ಟಾಗಿದೆ" ಅನ್ನಿ.

ಮೂರನೆಯದು ಸಿಟ್ಟು. "ಹಾಗಾದ್ರೆ ಇವತ್ತೇ ಹೊರಡು!" ಇದಕ್ಕೆ ಹೆದರಬೇಡಿ. ವಾದ ಮಾಡಬೇಡಿ, ಅಳುತ್ತಾ ಬ್ಯಾಗ್ ಎತ್ತಿಕೊಂಡು ಹೋಗಲೂಬೇಡಿ. "ನೋಟಿಸ್ ಅವಧಿ ಪೂರ್ತಿ ಕೆಲಸ ಮಾಡ್ಲಿಕ್ಕೆ ನಾನು ತಯಾರಿದ್ದೇನೆ" ಅಂತ ಮೆಲ್ಲಗೆ ಹೇಳಿ, ಆ ದಿನದ ಕೆಲಸ ಮುಗಿಸಿ, ಮರುದಿನ ಬೆಳಿಗ್ಗೆ ಎಂದಿನ ಹೊತ್ತಿಗೆ ಬಂದು ಕಂಪ್ಯೂಟರ್ ಹಚ್ಚಿ ಕೂತುಕೊಳ್ಳಿ. ನಾನು ನೋಡಿದ್ದರಲ್ಲಿ ಹೆಚ್ಚಿನವರ ಸಿಟ್ಟು ಒಂದು ರಾತ್ರಿಯದ್ದು. ಒಂದು ವಾರ ಮಾತು ಬಿಟ್ಟರೂ ಬಿಡಲಿ. ನಿಮ್ಮನ್ನು ಮಗಳ ಹಾಗೆ ಅಂದುಕೊಂಡವರಿಗೆ ಸ್ವಲ್ಪ ನೋವಾಗುವುದು ಸಹಜ.

ಹೇಳಿದ ಮರುದಿನವೇ ಪತ್ರ ಕೊಡಿ, ಸಂಬಂಧಿಕರು ಅಂತ ಬಿಡಬೇಡಿ. ಕೆಲಸಕ್ಕೆ ಸೇರಿದ ದಿನಾಂಕ, ಹುದ್ದೆ, ಕೊನೆಯ ದಿನಾಂಕ, ಕೆಲಸ ವಹಿಸಿಕೊಡುತ್ತೇನೆ ಅನ್ನುವ ಮಾತು, ಒಂದು ಸಾಲು ಧನ್ಯವಾದ. ಐದು ಸಾಲು ಸಾಕು. ಕಾರಣ ಬರೆಯಬೇಕಿಲ್ಲ, ದೂರು ಬರೆಯಲೇಬೇಡಿ. ಇನ್ನೊಂದು ಪ್ರತಿಯ ಮೇಲೆ "ಸ್ವೀಕರಿಸಿದೆ" ಅಂತ ಸಹಿ, ದಿನಾಂಕ ಹಾಕಿಸಿಕೊಳ್ಳಿ. "ನಮ್ಮ ನಮ್ಮಲ್ಲಿ ಇದೆಲ್ಲ ಎಂತಕ್ಕೆ?" ಅಂತಾರೆ. "ಆಡಿಟರ್ ಕೇಳ್ತಾರೆ ಮಾವ" ಅನ್ನಿ. ಲೆಕ್ಕದ ಅಂಗಡಿಯಲ್ಲಿ ಆಡಿಟರ್ ಹೆಸರು ಹೇಳಿದರೆ ಯಾರೂ ಮುಂದೆ ಕೇಳುವುದಿಲ್ಲ!

ಮಗನ ವಿಷಯ. ಮಗನ ಬಗ್ಗೆ ಅಪ್ಪನ ಹತ್ತಿರ ಹೇಳಿ ಗೆದ್ದವರನ್ನು ನಾನು ಈ ತನಕ ನೋಡಿಲ್ಲ. ಮಾವನಿಗೆ ಅವನ ಸ್ವಭಾವ ಗೊತ್ತಿಲ್ಲ ಅಂದುಕೊಂಡಿದ್ದೀರಾ? ನಿಮಗಿಂತ ಚೆನ್ನಾಗಿ ಗೊತ್ತಿದೆ. ಅವರಾಗಿಯೇ "ಅವನಿಂದ ಏನಾದರೂ ಆಯ್ತಾ?" ಅಂತ ಕೇಳಿದರೆ ಮಾತ್ರ "ಎಲ್ಲರೆದುರು ಬೈದದ್ದು ಬೇಜಾರಾಗಿತ್ತು" ಅಂತ ಒಂದೇ ವಾಕ್ಯ. ಉದಾಹರಣೆ ಬೇಡ, ತಾರೀಖು ಬೇಡ. ಆದರೆ ಒಂದು ಮಾತು ಸ್ಪಷ್ಟ ಇರಲಿ. ಕೂಗಾಟ ಬೇರೆ, ಲೈಂಗಿಕ ಕಿರುಕುಳ ಬೇರೆ. ನಿಮ್ಮ ಪತ್ರದಲ್ಲಿ ಹಾಗೇನೂ ಕಾಣಲಿಲ್ಲ, ಆದರೂ ಬೇರೆ ಓದುಗರಿಗಾಗಿ ಹೇಳುತ್ತೇನೆ. ಅಂಥದ್ದಿದ್ದರೆ ಸಂಬಂಧ ಉಳಿಸುವ ಲೆಕ್ಕ ಹಾಕಬೇಡಿ. ಹತ್ತು ಜನರಿರುವ ಕಡೆ ಆಂತರಿಕ ಸಮಿತಿ ಇರಬೇಕು ಅಂತ 2013ರ ಕಾಯ್ದೆ ಇದೆ. ಘಟನೆಯಾಗಿ ಮೂರು ತಿಂಗಳೊಳಗೆ ಬರೆದು ಕೊಡಬೇಕು. ಸಮಿತಿಯೇ ಇಲ್ಲದಿದ್ದರೆ, ಇಲ್ಲಾ ಯಜಮಾನರ ಮೇಲೆಯೇ ದೂರಾದರೆ, ಜಿಲ್ಲೆಯ ಸ್ಥಳೀಯ ಸಮಿತಿ ಇದೆ.

ಈಗ ನಾನು ಆಗಲೇ ಹೇಳಿದ ಮುಖ್ಯ ಸಂಗತಿ, ವಹಿಸಿಕೊಡುವುದು.

ಒಂದು ಇನ್ನೂರು ಪುಟದ ನೋಟ್‌ಬುಕ್ ತನ್ನಿ. ಕಂಪ್ಯೂಟರಿನಲ್ಲಿ ಬೇಡ, ಹೊಸಬರು ಫೋನ್ ಕಿವಿಗಿಟ್ಟುಕೊಂಡು ಪುಟ ತಿರುವುವಂತಿರಬೇಕು. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರಿನಲ್ಲಿ ಏನಿದೆಯೋ ಅದನ್ನು ಅದರಲ್ಲಿ ಬರೆಯಬೇಡಿ. ಟ್ಯಾಲಿಯಲ್ಲಿ ಇಲ್ಲದ್ದು, ನಿಮ್ಮ ತಲೆಯಲ್ಲಿ ಮಾತ್ರ ಇರುವುದು ಬರೆಯಿರಿ. ನನಗೆ ನಿಮ್ಮ ಅಂಗಡಿ ಗೊತ್ತಿಲ್ಲ, ಆದರೆ ಅಡಿಕೆ ಅಂಗಡಿಯಲ್ಲಿ ಲೆಕ್ಕ ಬರೆದ ಸಂಬಂಧಿಕರಿಂದ ಕೇಳಿ ಇಷ್ಟು ಊಹಿಸಬಲ್ಲೆ. ಹುಲೇಕಲ್ ಕಡೆಯ ಒಬ್ಬರು ಚಾಲಿ (ಒಣಗಿಸಿ ಸುಲಿದ ಅಡಿಕೆ) ತಂದು ಇಟ್ಟು ಹೋಗುತ್ತಾರೆ, ಆದರೆ ಅವರ ಫೋನ್ ಬರದೆ ಟೆಂಡರಿಗೆ ಹಾಕುವಂತಿಲ್ಲ. ಬನವಾಸಿ ಕಡೆಯ ಒಬ್ಬರ ಪಟ್ಟಿಯ ದುಡ್ಡು ಅರ್ಧ ಅವರ ಖಾತೆಗೆ, ಅರ್ಧ ತಮ್ಮನ ಖಾತೆಗೆ. ಅಣ್ಣತಮ್ಮಂದಿರಿಗೆ ಮಾತಿಲ್ಲ, ಆದ್ದರಿಂದ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹೇಳಬಾರದು. ಇನ್ನೊಬ್ಬರು ರಾಶಿ (ಬೇಯಿಸಿ ಒಣಗಿಸಿದ ಕೆಂಪಡಿಕೆ) ಮೂಟೆ ಎಷ್ಟು ಅಂತ ಮನೆಯಿಂದಲೇ ಎಣಿಸಿ ಬರುತ್ತಾರೆ, ಚೀಟಿ ಕೇಳುವುದಿಲ್ಲ, ಆದರೆ ಕೊಡದಿದ್ದರೆ ನೆನಪಿಟ್ಟುಕೊಳ್ಳುತ್ತಾರೆ. ಯಾರಿಗೆ ಮಾವ ಬಾಯಿಮಾತಿನಲ್ಲಿ ಮುಂಗಡ ಕೊಟ್ಟಿದ್ದಾರೆ, ಯಾರದ್ದು ಬಡ್ಡಿ ಹಿಡಿಯಬಾರದು. ಇದೆಲ್ಲ ಐದು ವರ್ಷದಲ್ಲಿ ನಿಮಗೆ ಗೊತ್ತಿಲ್ಲದ ಹಾಗೆ ತಲೆಗೆ ಬಂದು ಕೂತಿದೆ. ಹೊಸಬರು ಅದೊಂದೊಂದನ್ನೂ ಒಂದೊಂದು ಜಗಳ ಮಾಡಿಕೊಂಡು ಕಲಿಯಬೇಕಾಗುತ್ತದೆ, ನೀವು ಬರೆದಿಡದಿದ್ದರೆ.

ಈ ನೋಟ್‌ಬುಕ್ ಅಂಗಡಿಯದು. ನಿಮಗೊಂದು ಪ್ರತಿ ಬೇಡ. ಬೆಳೆಗಾರರ ಫೋನ್ ನಂಬರ್ ಪಟ್ಟಿ, ಟ್ಯಾಲಿ ಬ್ಯಾಕಪ್ಪು, ಯಾವುದನ್ನೂ "ಇರಲಿ ನೆನಪಿಗೆ" ಅಂತ ಪೆನ್‌ಡ್ರೈವಿಗೆ ಹಾಕಿಕೊಳ್ಳಬೇಡಿ. ಮುಂದೊಂದು ದಿನ ಬೇರೆ ದಲಾಲರ ಅಂಗಡಿಗೆ ನಾಲ್ಕು ಬೆಳೆಗಾರರು ಹೋದರೆ ಮೊದಲು ಬರುವ ಅನುಮಾನ ನಿಮ್ಮ ಮೇಲೆ.

ಎರಡನೆಯದು ಓಟಿಪಿ. ನಗಬೇಡಿ! ಸಣ್ಣ ಅಂಗಡಿಗಳಲ್ಲಿ ಜಿಎಸ್‌ಟಿ ಪೋರ್ಟಲ್, ಇ-ವೇ ಬಿಲ್, ಬ್ಯಾಂಕು, ಕರೆಂಟ್ ಬಿಲ್ಲು ಎಲ್ಲದಕ್ಕೂ ಲೆಕ್ಕ ನೋಡುವವರ ಮೊಬೈಲ್ ನಂಬರೇ ಕೊಟ್ಟಿರುತ್ತಾರೆ. ಹೋದವರಿಗೆ 20ನೇ ತಾರೀಖು ರಾತ್ರಿ ಹತ್ತಕ್ಕೆ ಫೋನ್ ಬರುತ್ತದೆ, 3ಬಿ (ತಿಂಗಳ ಜಿಎಸ್‌ಟಿ ರಿಟರ್ನು) ಹಾಕ್ತಾ ಇದ್ದೇವೆ, ನಿಮ್ಮ ಮೊಬೈಲಿಗೆ ಒಂದು ನಂಬರ್ ಬಂದಿರ್ಬೇಕು ನೋಡಿ ಅಂತ. ಹೊಸ ಊರಿನಲ್ಲಿ ಫೋನ್ ಚಾರ್ಜ್ ಇರುವುದಿಲ್ಲ, ಇಲ್ಲಿ ದಂಡ ಬೀಳುತ್ತದೆ. ಒಂದು ಮಧ್ಯಾಹ್ನ ಮಾವನ ಜೊತೆ ಕೂತು ಎಲ್ಲ ಕಡೆ ಅವರ ನಂಬರ್ ಹಾಕಿಸಿ. ಪಾಸ್‌ವರ್ಡುಗಳನ್ನು ಒಂದು ಹಾಳೆಯಲ್ಲಿ ಬರೆದು ಅವರ ಕೈಗೇ ಕೊಡಿ, ಬದಲಾಯಿಸಿಕೊಳ್ಳಿ ಅಂತ ಹೇಳಿ. ಡಿಜಿಟಲ್ ಸಹಿಯ ಡಾಂಗಲ್ ಎಲ್ಲಿದೆ ಅಂತ ಅದರಲ್ಲೇ ಬರೆಯಿರಿ. ಬೀಗದಕೈ ಬಗ್ಗೆ ನಾನು ಮತ್ತೆ ಹೇಳಬೇಕಾ?

ಹೊಸಬರು ಜೂನ್ ಒಂದಕ್ಕೆ ಬಂದರೆ 11ನೇ ತಾರೀಖಿನ ಜಿಎಸ್‌ಟಿ ರಿಟರ್ನನ್ನು ನೀವು ಹಾಕಿ, ಅವರು ನೋಡಲಿ. 20ರದ್ದನ್ನು ಅವರು ಹಾಕಲಿ, ನೀವು ನೋಡಿ. ಅದೇ ನಿಮ್ಮ ಕೊನೆಯ ದಿನ. ಹೊಸಬರು ಸಿಗಲೇ ಇಲ್ಲ ಅಂದರೆ ಅದು ನಿಮ್ಮ ತಪ್ಪಲ್ಲ, ದಿನ ಮುಂದೂಡಬೇಡಿ. ಮಗನನ್ನೇ ಕೂರಿಸಿ ಹೇಳಿಕೊಡಿ. ಯಾರಿಗೆ ಗೊತ್ತು, ಆ ಕುರ್ಚಿಯಲ್ಲಿ ಎರಡು ವಾರ ಕೂತರೆ ಕೂಗಾಟ ಸ್ವಲ್ಪ ಇಳಿಯಬಹುದು.

ಬೆಳೆಗಾರರಿಗೆ ಯಾವಾಗ ತಿಳಿಸುವುದು ಅಂತ ಮಾವನನ್ನೇ ಕೇಳಿ, ಅದು ಅವರ ವ್ಯಾಪಾರ. ಅವರು ಹೂಂ ಅಂದ ಮೇಲೆ ನೀವೇ ಮುಖ್ಯವಾದ ಇಪ್ಪತ್ತು ಮೂವತ್ತು ಜನರಿಗೆ ಫೋನ್ ಮಾಡಿ, ಇನ್ನು ಮುಂದೆ ಇಂಥವರು ಇರುತ್ತಾರೆ ಅಂತ ಹೇಳಿ, ಫೋನನ್ನು ಹೊಸಬರ ಕೈಗೆ ಕೊಡಿ.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ಮುಂಗಡದ 22,000 ನೀವೇ ಎತ್ತಿ ಮಾತಾಡಿ, ಅವರು ಕೇಳುವ ತನಕ ಕಾಯಬೇಡಿ. ಕೊನೆಯ ಎರಡು ಸಂಬಳದಲ್ಲಿ ಹಿಡಿದುಕೊಳ್ಳಿ ಅನ್ನಿ, ಮುಗಿದ ದಿನ ಒಂದು ರಶೀದಿ ಪಡೆಯಿರಿ. ಅದು ತೀರಿದ ಮೇಲೆ ಗ್ರಾಚ್ಯುಟಿ ಅರ್ಜಿ ಕೊಡುವುದಕ್ಕೆ ನಿಮಗೂ ಸಂಕೋಚ ಇರುವುದಿಲ್ಲ. ಕೆಲಸ ಬಿಟ್ಟ 30 ದಿನದೊಳಗೆ ಗ್ರಾಚ್ಯುಟಿ ಕೊಡಬೇಕು ಅಂತ ನಿಯಮ. ಪಿಎಫ್ ಕಟ್ ಆಗುತ್ತಿದ್ದರೆ ತೆಗೆಯಬೇಡಿ, ಅದೇ ಯುಎಎನ್ ನಂಬರಿಗೆ (ಕೆಲಸ ಬದಲಾದರೂ ಬದಲಾಗದ ಪಿಎಫ್ ನಂಬರ್) ವರ್ಗಾಯಿಸಿ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ಈ ಐದು ವರ್ಷ ಅದರಲ್ಲಿ ಕೂಡುತ್ತದೆ. ಬಿಟ್ಟ ದಿನಾಂಕವನ್ನು ಅಂಗಡಿಯವರು ಪಿಎಫ್ ಪೋರ್ಟಲಿನಲ್ಲಿ ಹಾಕಬೇಕು. ಆ ಕೆಲಸ ಮಾಡುವವರು ಇಷ್ಟು ದಿನ ನೀವೇ ಆಗಿದ್ದಿರಿ, ಈಗ ಯಾರೂ ಇರುವುದಿಲ್ಲ ನೋಡಿ! ಮರೆತರೆ ಎರಡು ತಿಂಗಳ ಮೇಲೆ ನೀವೇ ಹಾಕಿಕೊಳ್ಳಬಹುದು. ಅನುಭವ ಪತ್ರ, ಬಿಡುಗಡೆ ಪತ್ರ ಎರಡನ್ನೂ ನೀವೇ ಟೈಪ್ ಮಾಡಿ, ಅಂಗಡಿಯ ಲೆಟರ್‌ಹೆಡ್ಡಿನ ಮೇಲೆ ಪ್ರಿಂಟ್ ತೆಗೆದು ಸಹಿಗೆ ಇಡಿ. ಸಣ್ಣ ಕಡೆ ಹೀಗೇ ನಡೆಯುವುದು. ಹೊಗಳಿಕೆ ತುಂಬಬೇಡಿ, ಸಹಿ ಹಾಕುವವರು ಓದುತ್ತಾರೆ.

ನೇಮಕ ಪತ್ರದಲ್ಲಿ "ಬಿಟ್ಟ ಮೇಲೆ ಎರಡು ವರ್ಷ ಇದೇ ವ್ಯಾಪಾರದಲ್ಲಿ ಬೇರೆ ಕಡೆ ದುಡಿಯಬಾರದು" ಅನ್ನುವಂಥ ಸಾಲಿದ್ದರೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 1872ರ ಕರಾರು ಕಾಯ್ದೆಯ 27ನೇ ಕಲಮಿನ ಎದುರು ಅಂಥ ಷರತ್ತು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಇಂತಿಷ್ಟು ವರ್ಷ ದುಡಿಯಲೇಬೇಕು, ಇಲ್ಲದಿದ್ದರೆ ಇಷ್ಟು ದುಡ್ಡು ಕಟ್ಟಬೇಕು ಅನ್ನುವ ಬಾಂಡು ಬೇರೆ ಜಾತಿಯದು. ವಿಜಯಾ ಬ್ಯಾಂಕಿನ ಕೇಸಿನಲ್ಲಿ ಮೂರು ವರ್ಷ, ಎರಡು ಲಕ್ಷದ ಅಂಥ ಷರತ್ತನ್ನು ಸುಪ್ರೀಂ ಕೋರ್ಟು 2025ರಲ್ಲಿ ಸರಿ ಎಂದಿತು. ನಿಮಗೆ ಅಂಥದ್ದಿದೆ ಅಂತ ಅನಿಸುವುದಿಲ್ಲ, ಒಮ್ಮೆ ಪತ್ರ ತೆಗೆದು ಓದಿಕೊಳ್ಳಿ.

ಹೋದ ಮೇಲೆ ಫೋನ್ ಬರುತ್ತದೆ, ಬರಲಿ. ಮೊದಲೇ ಹೇಳಿಡಿ, ಸಂಜೆ ಏಳರ ಮೇಲೆ ಮಾಡಿ, ಜುಲೈ ಮುಗಿಯುವ ತನಕ ಎಷ್ಟು ಸಲ ಬೇಕಾದರೂ ಮಾಡಿ ಅಂತ. ಹಗಲು ಹೊತ್ತು ಹುಬ್ಬಳ್ಳಿಯವರ ಸಂಬಳ ತಿನ್ನುತ್ತಾ ಶಿರಸಿಯ ಲೆಕ್ಕ ನೋಡುವುದು ಸರಿಯಲ್ಲ. ಸೆಪ್ಟೆಂಬರ್ ಹೊತ್ತಿಗೆ ಆಡಿಟರ್ ಕಡೆಯಿಂದ ಒಂದೆರಡು ಪ್ರಶ್ನೆ ಬಂದೇ ಬರುತ್ತದೆ, ಆ ವರ್ಷ ಲೆಕ್ಕ ಬರೆದವರು ನೀವೇ. ಬೇಜಾರು ಮಾಡಿಕೊಳ್ಳದೆ ಹೇಳಿ. ಹುಬ್ಬಳ್ಳಿಯಲ್ಲಿ ಹಳೆಯ ಅಂಗಡಿಯ ಕಥೆ ಹೇಳಿ ನಗಿಸಬೇಡಿ. ಹುಬ್ಬಳ್ಳಿಗೂ ಶಿರಸಿಗೂ ಮೂರು ತಾಸಿನ ಬಸ್ಸು, ಮಾತಿಗೆ ಅಷ್ಟೂ ಬೇಡ.

ಸಿಹಿಯ ಪ್ರಶ್ನೆ ಉಳಿಯಿತು. ಹಂಚಿ, ಏನೂ ದೊಡ್ಡದು ಬೇಡ. ಮಾವನ ಮನೆಗೆ ಅಂತ ಬೇರೆ ಒಂದು ಪೊಟ್ಟಣ ತೆಗೆದುಕೊಂಡು ಹೋಗಿ ಅತ್ತೆಯ ಕೈಗೆ ಕೊಟ್ಟು ಕಾಲಿಗೆ ಬಿದ್ದು ಬನ್ನಿ. ಅಂಗಡಿಯಲ್ಲಿ ಮಾತ್ರ ಹಿಂದಿನ ಗೋದಾಮಿನಿಂದ ಶುರು ಮಾಡಿ. ಅಡಿಕೆ ಆರಿಸುವ ಹೆಂಗಸರಿಗೆ ಇಂಥ ಸುದ್ದಿಯನ್ನು ಯಾರೂ ಹೇಳುವುದಿಲ್ಲ. ಮುಂದಿನ ವಾರ ಪಗಾರ ತೆಗೆದುಕೊಳ್ಳಲು ಬಂದಾಗ ಕುರ್ಚಿಯಲ್ಲಿ ಬೇರೆ ಯಾರೋ ಕೂತದ್ದು ನೋಡಿಯೇ ಅವರಿಗೆ ಗೊತ್ತಾಗುವುದು. ಅವರ ವಾರದ ಪಗಾರದ ಲೆಕ್ಕದಲ್ಲಿ ಯಾರದ್ದಾದರೂ ಒಂದರ್ಧ ದಿನ ತಪ್ಪಿ ಹೋಗಿದ್ದರೆ ಅವತ್ತೇ ಕೇಳಿ ಸರಿ ಮಾಡಿ, ಹೊಸಬರ ಹತ್ತಿರ ಅವರು ಬಾಯಿಬಿಟ್ಟು ಕೇಳಲಿಕ್ಕಿಲ್ಲ.